ಕಾಕೂ ಹೇಳಿದ ಒಂದು ತಿಂಗಳು

ಹೈದರಾಬಾದಿನಲ್ಲಿ ನಾನು ಮೂರು ವರ್ಷ ಒಂದು ಮನೆಯಲ್ಲಿ ಉಂಡೆ. ಅವರು ನನಗೆ ಬಂಧುಗಳಲ್ಲ. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರ ತಂಗಿಯ ಮನೆ ಅದು. ಹಾಸ್ಟೆಲ್ ಸಿಗುವವರೆಗೆ ಹದಿನೈದು ದಿನ ಅಲ್ಲಿರಲಿ ಎಂದು ಮಾತಾಗಿತ್ತು. ಹದಿನೈದು ದಿನ ಕಳೆದ ಮೇಲೆ ನಾನು ಹಾಸ್ಟೆಲಿನ ಮಾತೆತ್ತಿದಾಗ ಆ ಮನೆಯಾಕೆ ಹಿಟ್ಟು ಮೆತ್ತಿದ ಕೈಯಲ್ಲೇ ನನ್ನ ಕಡೆ ತಿರುಗಿ, “ಯಾಕ, ನಮ್ಮ ರೊಟ್ಟಿ ಸೇರಂಗಿಲ್ಲೇನು?” ಎಂದರು. ಮತ್ತೆ ಆ ಮಾತು ಬರಲಿಲ್ಲ.

ಮೊದಲ ದಿನ ನಾನು ಅವರನ್ನು ಆಂಟಿ ಎಂದು ಕರೆದಿದ್ದೆ. “ಆಂಟಿ ಗೀಂಟಿ ಏನಿಲ್ಲ. ಕಾಕೂ ಅನ್ನು. ಆಂಟಿ ಅಂದ್ರ ಅಪಾರ್ಟ್‌ಮೆಂಟಿನಾಗ ಇರಬೇಕು, ನಾಯಿ ಸಾಕಿರಬೇಕು” ಎಂದರು. ಅವರ ಮಗಳು ಆಗ ಕಾಲೇಜಿಗೆ ಹೋಗುತ್ತಿದ್ದಳು. ಅವಳು ನನ್ನ ಮಾತು ಕೇಳಿ ನಗುತ್ತಿದ್ದಳು. ನಾನು ತುಮಕೂರು ಕಡೆಯವಳು, ಅವರು ರಾಯಚೂರಿನ ಕಡೆಯವರು. “ಅಕ್ಕಾ, ನೀ ಮಾತಾಡಿದ್ರ ರೇಡಿಯೋದಾಗ ವಾರ್ತೆ ಓದಿದಂಗ ಐತಿ” ಎನ್ನುತ್ತಿದ್ದಳು. ಕಾಕೂ ಗದರುತ್ತಿದ್ದರು, “ಓದಿದವರು ಹಂಗ ಮಾತಾಡ್ತಾರ, ನೀನೂ ಕಲಿ.” ಗದರಿದ ಮೇಲೆ ತಾವೂ ನಗುತ್ತಿದ್ದರು.

ಸುಲ್ತಾನ್ ಬಜಾರಿನ ಹಿಂದಿನ ಓಣಿಯಲ್ಲಿ ಮಹಡಿಯ ಮೇಲಿನ ಎರಡೂವರೆ ಕೋಣೆಯ ಮನೆ. ಕಾಕೂ ಗಂಡ, ನನ್ನ ಬಾಯಲ್ಲಿ ಕಾಕಾ, ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಏಳೂವರೆಗೆ ಹೊರಟರೆ ಸಂಜೆ ಏಳಕ್ಕೆ ಬರುತ್ತಿದ್ದರು. ಮೆಟ್ಟಿಲು ಇಳಿದ ಕೂಡಲೇ ಎಲ್ಲರೂ ತೆಲುಗಿಗೋ ಹಿಂದಿಗೋ ತಿರುಗುತ್ತಿದ್ದರು, ಮೆಟ್ಟಿಲು ಹತ್ತುವಾಗ ಕನ್ನಡಕ್ಕೆ ಮರಳುತ್ತಿದ್ದರು. ಅರ್ಧ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದರು. ಅದು ಮೊದಲು ಮಗಳು ಓದಿಕೊಳ್ಳುವ ಜಾಗವಾಗಿತ್ತೆಂದು ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು. ಯಾರೂ ಹೇಳಿರಲಿಲ್ಲ.

ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೆ ಒಂದು ಏಳುತ್ತಿದ್ದ ವರ್ಷಗಳು ಅವು. ಪದವಿ ಇದ್ದವರಿಗೆಲ್ಲ ಯಾವುದಾದರೊಂದು ಕುರ್ಚಿ ಸಿಗುತ್ತಿತ್ತು. ಜೀವರಸಾಯನ ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ನನಗೆ ಸಿಕ್ಕಿದ್ದು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸ. ಅಮೆರಿಕದ ವೈದ್ಯರು ರೋಗಿಯನ್ನು ನೋಡಿದ ಮೇಲೆ ವಿವರವನ್ನು ಬಾಯಲ್ಲಿ ಹೇಳಿ ಧ್ವನಿಮುದ್ರಿಸುತ್ತಿದ್ದರು. ಆ ಧ್ವನಿ ನಮ್ಮ ಹೆಡ್‌ಫೋನಿಗೆ ಬರುತ್ತಿತ್ತು. ಕಾಲಕೆಳಗಿನ ಪೆಡಲ್ ಒತ್ತಿದರೆ ವೈದ್ಯರು ಮಾತಾಡುತ್ತಾರೆ, ಕಾಲೆತ್ತಿದರೆ ಸುಮ್ಮನಾಗುತ್ತಾರೆ. ಕೇಳಿದ್ದನ್ನು ಕೇಳಿದಂತೆಯೇ ಟೈಪ್ ಮಾಡಬೇಕು. ಸರಿಯಾಗಿ ಕೇಳದಿದ್ದರೆ ಊಹಿಸಬಾರದು, ಆ ಜಾಗ ಖಾಲಿ ಬಿಡಬೇಕು. ಊಹಿಸಿ ಬರೆಯುವುದೇ ನಮ್ಮಲ್ಲಿ ದೊಡ್ಡ ತಪ್ಪು. ನಾನು ಆ ತಪ್ಪನ್ನು ಎಂದೂ ಮಾಡಿದವಳಲ್ಲ. ನನ್ನ ಫೈಲುಗಳನ್ನು ಎಡಿಟರ್ ತೆರೆದೂ ನೋಡದೆ ಕಳಿಸುತ್ತಾರೆ ಎಂಬ ಮಾತು ಸೆಕ್ಷನ್ನಿನಲ್ಲಿತ್ತು.

ಇನ್ನೊಂದು ಪದ್ಧತಿಯೂ ಇತ್ತು. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ವೈದ್ಯರು “ಉಳಿದದ್ದೆಲ್ಲ ನಾರ್ಮಲ್” ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದರು. ಆಗ ನಾವು ಎರಡು ಅಕ್ಷರ ಒತ್ತಿದರೆ ಸಾಕು, ಎದೆ, ಹೊಟ್ಟೆ, ಕೈಕಾಲು ಎಲ್ಲ ಸರಿಯಾಗಿವೆ ಎಂಬ ಸಿದ್ಧ ಪ್ಯಾರಾ ತಾನಾಗಿ ಬಂದು ಕೂರುತ್ತಿತ್ತು. ದಿನಕ್ಕೆ ಎಷ್ಟೋ ಸಲ ಆ ಎರಡು ಅಕ್ಷರ ಒತ್ತುತ್ತಿದ್ದೆ. ಬೆರಳಿಗೆ ಅದು ಯೋಚನೆ ಇಲ್ಲದೆ ಬರುತ್ತಿತ್ತು.

ಕಾಕೂಗೆ ನನ್ನ ಕೆಲಸ ಅರ್ಥವಾಗಿತ್ತು, ಆದರೆ ತಮಗೆ ಬೇಕಾದಂತೆ ಅರ್ಥ ಮಾಡಿಕೊಂಡಿದ್ದರು. ಓಣಿಯ ಹೆಂಗಸರಿಗೆ, “ಅಮೇರಿಕಾದ ಡಾಕ್ಟರು ಅಕೀ ಕಿವ್ಯಾಗ ಹೇಳ್ತಾರ, ಅಕೀ ಬರೀತಾಳ. ಅರ್ಧ ಡಾಕ್ಟರ್ ನಮ್ಮನ್ಯಾಗ ಅದಾಳ” ಎನ್ನುತ್ತಿದ್ದರು. ನಾನು ಬರೀ ಟೈಪ್ ಮಾಡುವವಳು ಎಂದು ಮೊದಮೊದಲು ಹೇಳಿದೆ. ಅವರು ಅದನ್ನು ವಿನಯ ಎಂದುಕೊಂಡರು. ಕೆಳಮನೆಯಾಕೆ ತನ್ನ ರಕ್ತಪರೀಕ್ಷೆಯ ಕಾಗದ ತಂದು ತೋರಿಸಿದಾಗ ಓದಿ ಹೇಳಿದೆ, ಸರಿಯಾಗಿಯೇ ಹೇಳಿದೆ. ಆಮೇಲೆ ಇನ್ನೊಬ್ಬರು ಬಂದರು. ನಾನು ಅಲ್ಲಗಳೆಯುವುದನ್ನು ನಿಲ್ಲಿಸಿದೆ. ಆ ಓಣಿಯಲ್ಲಿ ನನ್ನನ್ನು ಯಾರಾದರೂ ಗುರುತಿಸುತ್ತಿದ್ದರೆ ಅದಕ್ಕಾಗಿ ಮಾತ್ರ. ನನಗೆ ಅದು ಇಷ್ಟವಾಗತೊಡಗಿತ್ತು. ಹೆಚ್ಚು ಮಾತಾಡದವಳಿಗೆ ಗೌರವ ಸಿಗುವುದು ಅಪರೂಪ. ಸಿಕ್ಕಿದ್ದನ್ನು ನಾನು ಕೊಡವಿಕೊಳ್ಳಲಿಲ್ಲ.

ಕಾಕೂ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ರೊಟ್ಟಿ ತಟ್ಟುತ್ತಿದ್ದರು. ಆಫೀಸಿನ ಕ್ಯಾಬು ಐದೂ ಮುಕ್ಕಾಲಿಗೆ ಮುಖ್ಯರಸ್ತೆಗೆ ಬರುತ್ತಿತ್ತು. ನನ್ನ ಡಬ್ಬಿ ತುಂಬುವುದಕ್ಕಾಗಿಯೇ ಅವರು ಒಂದು ಗಂಟೆ ಮೊದಲು ಏಳುತ್ತಿದ್ದರೆಂಬುದನ್ನೂ ನಾನು ತಡವಾಗಿ ಲೆಕ್ಕ ಹಾಕಿದೆ. ಎರಡು ರೊಟ್ಟಿ, ಒಂದು ಪಲ್ಯ, ಶೇಂಗಾ ಚಟ್ನಿ, ಮೊಸರು. ಸಂಜೆ ನಾಲ್ಕಕ್ಕೆ ನಾನು ಮನೆಗೆ ಬಂದಾಗ ಅವರು ಇನ್ನೂ ಉಂಡಿರುತ್ತಿರಲಿಲ್ಲ. ಆ ಮನೆಯಲ್ಲಿ ಅವರು ಉಣ್ಣುವುದು ಎಲ್ಲರದೂ ಆದ ಮೇಲೆ. ಬೆಳಿಗ್ಗೆ ಬರೀ ಚಹಾ. ಮಧ್ಯಾಹ್ನದ ಊಟ ನಾನು ಬಂದ ಮೇಲೆ, ನನ್ನ ಜೊತೆ. ರಾತ್ರಿ ಗಂಡ ಮಗಳದು ಮುಗಿದ ಮೇಲೆ, ಅಡುಗೆಮನೆಯಲ್ಲಿ ಒಬ್ಬರೇ. ಅವರೇನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ ಎಂದು ನೋಡುವ ರೂಢಿ ಯಾರಿಗೂ ಇರಲಿಲ್ಲ. ನೋಡುತ್ತಿದ್ದವಳು ನಾನೊಬ್ಬಳೇ.

ಹಾಗಾಗಿ ಅವರು ಕೇಳಿದ್ದೂ ನನ್ನನ್ನೇ.

ಎರಡನೇ ವರ್ಷದ ಶ್ರಾವಣ ಅದು. ನಾನು ಕನ್ನಡಿಯ ಮುಂದೆ ಕೂದಲಿಗೆ ಕ್ಲಿಪ್ ಹಾಕುತ್ತಿದ್ದೆ. ಕ್ಯಾಬಿನವನು ಮಿಸ್ಡ್ ಕಾಲ್ ಕೊಟ್ಟಾಗಿತ್ತು. ಕಾಕೂ ಡಬ್ಬಿಯ ಮುಚ್ಚಳ ಒತ್ತುತ್ತ ನಿಂತರು.

“ತಂಗಿ, ಒಂದು ಮಾತು. ರೊಟ್ಟಿ ತಿಂದ್ರ ಇಲ್ಲೆ ಸಿಕ್ಕೊಂಡಂಗ ಆಗಾಕತ್ತೈತಿ.” ಎದೆಯ ನಡುವೆ ಎರಡು ಬೆರಳಿಟ್ಟು ತೋರಿಸಿದರು. “ನೀರು ಕುಡುದ್ರ ಇಳೀತೈತಿ.”

“ಉರಿ ಇದೆಯಾ ಕಾಕೂ?”

“ಉರಿ ಏನಿಲ್ಲ. ಸಿಕ್ಕೊಂತೈತಿ, ಅಷ್ಟ.”

ನಾನು ಗಡಿಯಾರ ನೋಡಿದೆ. ನಾನು ಟೈಪ್ ಮಾಡುತ್ತಿದ್ದ ಎರಡರಲ್ಲಿ ಒಂದು ಫೈಲಿನಲ್ಲಿ ಆಸಿಡಿಟಿ ಇರುತ್ತಿತ್ತು. ಅಮೆರಿಕದಲ್ಲಿ ಅದಿಲ್ಲದವರೇ ಇಲ್ಲವೆನ್ನುವಷ್ಟು. “ಆಸಿಡಿಟಿ ಕಾಕೂ. ಈ ವಯಸ್ಸಿಗೆ ಎಲ್ಲರಿಗೂ ಇರುತ್ತೆ. ಖಾರ ಕಮ್ಮಿ ಮಾಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಸಂಜೆ ಮಾತ್ರೆ ತರ್ತೀನಿ” ಎಂದೆ. ಎರಡು ಅಕ್ಷರ ಒತ್ತಿದ ಹಾಗೆ ಅಷ್ಟೂ ವಾಕ್ಯಗಳು ತಾವಾಗಿ ಬಂದವು.

ಅವರ ಮುಖ ಹಗುರಾಯಿತು. ಅದನ್ನು ನಾನು ಕಣ್ಣಾರೆ ನೋಡಿದೆ. “ನಿಮ್ಮ ಕಾಕಾಗ ಹೇಳಬ್ಯಾಡ ಮತ್ತ. ಮಗ್ಗಲ ಮನ್ಯಾವರು ಸೀನಿದ್ರೂ ದವಾಖಾನಿಗೆ ನಡಿ ಅಂತಾರ” ಎಂದರು.

ಹೇಳುವುದಿಲ್ಲ ಎಂದೆ. ಒಬ್ಬರು ನಂಬಿ ಹೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕುವುದು ನನ್ನ ಸ್ವಭಾವವಲ್ಲ. ನನ್ನಲ್ಲಿ ಒಳ್ಳೆಯ ಗುಣ ಒಂದಿದ್ದರೆ ಅದೇ ಎಂದು ತಿಳಿದಿದ್ದೆ.

ಸಂಜೆ ಮಾತ್ರೆ ತಂದುಕೊಟ್ಟೆ. ಒಂದು ವಾರ ಚೆನ್ನಾಗಿದೆ ಎಂದರು. ದಸರೆಯ ಹೊತ್ತಿಗೆ ಅವರು ರೊಟ್ಟಿಯನ್ನು ಹಾಲಿನಲ್ಲಿ ಮುರಿದು ನೆನೆಸಿ ತಿನ್ನುತ್ತಿದ್ದರು. “ಹಲ್ಲಿಲ್ಲದ ಮುದುಕಿ ಆದೆ ನೋಡು” ಎಂದು ನಕ್ಕರು, ನಾನೂ ನಕ್ಕೆ. ದೀಪಾವಳಿ ಕಳೆಯುವಷ್ಟರಲ್ಲಿ ರೊಟ್ಟಿ ಬಿಟ್ಟು ಮೆತ್ತಗೆ ಬೆಂದ ಅನ್ನಕ್ಕೆ ಬಂದಿದ್ದರು. ನಾನು ಎದುರಿಗೆ ಕೂತು ಅವರು ತಟ್ಟಿದ ರೊಟ್ಟಿಯನ್ನೇ ತಿನ್ನುತ್ತ ಅದನ್ನು ನೋಡುತ್ತಿದ್ದೆ. ಪ್ರತಿ ತುತ್ತಿಗೂ ಅವರು ಒಂದು ಕ್ಷಣ ಕಣ್ಣು ಮುಚ್ಚಿ ಕಾಯುತ್ತಿದ್ದರು. “ಮಾತ್ರೆ ತಗೋತಿದ್ದೀರಲ್ವಾ?” ಎಂದು ಕೇಳುತ್ತಿದ್ದೆ. “ತೊಗೊಳಾಕತ್ತೀನವ್ವಾ. ನೀ ಉಣ್ಣು, ಇನ್ನೊಂದು ಹಾಕ್ಲೇನು?”

ಆ ಚಳಿಗಾಲದಲ್ಲಿ ಅವರ ಅಣ್ಣನ ಮಗನ ಮದುವೆ ಇತ್ತು. ಕುಪ್ಪಸಗಳೆಲ್ಲ ಸಡಿಲವಾಗಿ ಭುಜದಿಂದ ಜಾರುತ್ತಿದ್ದವು. ಸುಲ್ತಾನ್ ಬಜಾರಿನ ದರ್ಜಿಯ ಹತ್ತಿರ ನಾವು ಮೂವರೂ ಹೋದೆವು. ಅವನು ಅಳತೆ ಹಿಡಿದು, ಹಳೆಯ ಅಳತೆಯ ಚೀಟಿ ನೋಡಿ, ಎರಡೂ ಕಡೆ ಹೊಲಿಗೆ ಒಳಕ್ಕೆ ತೆಗೆದುಕೊಳ್ಳಬೇಕಾಗುತ್ತದೆ ಎಂದ. ಮಗಳು ಚಪ್ಪಾಳೆ ತಟ್ಟಿದಳು. “ಅವ್ವಾ, ಹೀರೋಯಿನ್ ಆಗಾಕತ್ತೀಯಲ್ಲ! ಮದುವ್ಯಾಗ ಮದುಮಗಳನ್ನ ಬಿಟ್ಟು ನಿನ್ನ ನೋಡ್ತಾರ.” ಕಾಕೂ ನಾಚಿ ಸೆರಗು ಎಳೆದುಕೊಂಡರು. ನಾನು, “ಹೌದು ಕಾಕೂ, ಚೆನ್ನಾಗಿ ಕಾಣ್ತಿದ್ದೀರಿ” ಎಂದೆ. ಈ ಮಾತನ್ನು ಬರೆಯುವುದೋ ಬಿಡುವುದೋ ಎಂದು ಬಹಳ ಹೊತ್ತು ಯೋಚಿಸಿದೆ. ಆಡಿದ ಮಾತು, ಬರೆದಿದ್ದೇನೆ.

ಜನವರಿಯ ಒಂದು ಬೆಳಿಗ್ಗೆ ಆಫೀಸಿನಲ್ಲಿ ಒಂದು ಫೈಲು ಬಂತು. ಧ್ವನಿ ವಯಸ್ಸಾದ ವೈದ್ಯರದು, ನಿಧಾನ, ಪ್ರತಿ ಅಕ್ಷರವೂ ಸ್ಪಷ್ಟ. ರೋಗಿ ಐವತ್ತು ದಾಟಿದ ಹೆಂಗಸು. ಮೊದಲು ಗಟ್ಟಿ ಆಹಾರ ನುಂಗಲಾಗುತ್ತಿರಲಿಲ್ಲ, ಆಮೇಲೆ ಮೆತ್ತಗಿನದು, ಈಗ ನೀರೂ ಕಷ್ಟ. ತೂಕ ಇಳಿದಿದೆ. ಉರಿ ಇಲ್ಲ.

ನಾನು ಪೆಡಲಿನಿಂದ ಕಾಲೆತ್ತಿದೆ. ವೈದ್ಯರು ಸುಮ್ಮನಾದರು.

ಮುಂದೆ ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಅಂಥ ಫೈಲು ಅದೇ ಮೊದಲಲ್ಲ, ಹಿಂದೆಯೂ ಟೈಪ್ ಮಾಡಿದ್ದೆ. ಅಂದರೆ ನನಗೆ ತಿಳಿದಿರಲಿಲ್ಲ ಎಂದಲ್ಲ. ತಿಳಿದದ್ದು ಕಿವಿಯಿಂದ ಬೆರಳಿಗೆ ಹೋಗಿತ್ತು, ನಡುವೆ ಎಲ್ಲಿಯೂ ನಿಂತಿರಲಿಲ್ಲ. ಅಮೆರಿಕದ ಒಬ್ಬ ಹೆಂಗಸಿನ ಗಂಟಲನ್ನು ಅಷ್ಟು ಚೆನ್ನಾಗಿ ಕೇಳಿಸಿಕೊಂಡವಳು, ಒಂದು ಮಾರು ದೂರದಲ್ಲಿ ಕೂತು ಕಣ್ಣು ಮುಚ್ಚಿ ತುತ್ತಿಗಾಗಿ ಕಾಯುತ್ತಿದ್ದವರನ್ನು ಐದು ತಿಂಗಳು ನೋಡಿಯೂ ಕೇಳಿಸಿಕೊಂಡಿರಲಿಲ್ಲ.

ಆ ಫೈಲನ್ನು ಮುಗಿಸಿ ಕೊಟ್ಟೆ. ಒಂದು ತಪ್ಪೂ ಇರಲಿಲ್ಲ.

ಸಂಜೆ ಕಾಕಾ ಬಂದು ಬೂಟು ಬಿಚ್ಚುತ್ತಿದ್ದಾಗಲೇ ಹೇಳಿದೆ, ಕಾಕೂಗೆ ನುಂಗಲು ಕಷ್ಟವಾಗುತ್ತಿದೆ, ನಾಳೆಯೇ ತೋರಿಸಬೇಕು ಎಂದು. ಎಷ್ಟು ದಿನದಿಂದ ಎಂಬುದನ್ನು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಒಂದು ಬೂಟು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಹೋಗಿ, “ಏನಂತಿದು?” ಎಂದರು. ಕಾಕೂ ಒಳಗಿಂದ, “ಏನಿಲ್ರಿ, ಹುಡುಗಿ ಹೆದರ್ಯಾಳ” ಎಂದರು.

ಮರುದಿನ ಆಸ್ಪತ್ರೆಯಲ್ಲಿ ವೈದ್ಯರು ಕಾಗದ ಎಳೆದುಕೊಂಡು ತೆಲುಗಿನಲ್ಲಿ ಕೇಳಿದರು, “ಎನ್ನಿ ರೋಜುಲನುಂಚಿ ಅಮ್ಮಾ?” ಎಷ್ಟು ದಿನದಿಂದ ಎಂದು. ನಾನು ಕಾಕೂ ಪಕ್ಕದಲ್ಲಿ ಕೂತಿದ್ದೆ, ಕಾಕಾ ಹಿಂದೆ ನಿಂತಿದ್ದರು. ಕಾಕೂ ನನ್ನ ಮಣಿಕಟ್ಟನ್ನು ಹಿಡಿದರು. ಧೈರ್ಯಕ್ಕಾಗಿ ಹಿಡಿದರೆಂದುಕೊಂಡೆ.

“ಒಕ ನೆಲ ಸಾರ್” ಎಂದರು. ಒಂದು ತಿಂಗಳು.

ವೈದ್ಯರು ಬರೆದುಕೊಂಡರು. ಸುಳ್ಳು ನನ್ನ ಕಣ್ಣೆದುರಿಗೆ ಕಾಗದಕ್ಕೆ ಇಳಿಯಿತು. ಅಂಥ ಕಾಗದಗಳನ್ನು ತಪ್ಪಿಲ್ಲದೆ ಬರೆಯುವುದೇ ನನ್ನ ಕೆಲಸವಾಗಿತ್ತು. ನಾನು ಬಾಯಿ ತೆರೆಯಲಿಲ್ಲ. ಕಾಕೂ ಹಿಡಿತ ಬಿಗಿಯಾಗಿತ್ತು ನಿಜ. ಆದರೆ ಬಿಡಿಸಿಕೊಳ್ಳಲಾಗದಷ್ಟಲ್ಲ.

ಎಂಡೋಸ್ಕೋಪಿ ಆಯಿತು, ತುಣುಕು ತೆಗೆದು ಕಳಿಸಿದರು, ಹೆಸರು ಬಂತು. ಅನ್ನನಾಳದ ಕ್ಯಾನ್ಸರ್. ಶಸ್ತ್ರಕ್ರಿಯೆಯ ಹಂತ ದಾಟಿದೆ ಎಂದರು. ವಾರ್ಡಿನಲ್ಲಿ ನಾವಿಬ್ಬರೇ ಇದ್ದಾಗ ಕೇಳಿದೆ, “ಯಾಕೆ ಹಾಗೆ ಹೇಳಿದ್ರಿ ಕಾಕೂ?”

“ಐದು ತಿಂಗಳಂದ್ರ ಇಷ್ಟು ದಿನ ಯಾರಿಗೂ ಹೇಳಲಿಲ್ಲೇನು ಅಂತ ಕೇಳ್ತಾರ. ಯಾರ ಹೆಸರು ಹೇಳ್ಲಿ?” ಧ್ವನಿ ಆಗಲೇ ಒರಟಾಗಿತ್ತು. “ನಿಮ್ಮವ್ವ ನನ್ನ ನಂಬಿ ಬಿಟ್ಟಾಳ. ನಮ್ಮ ಮನ್ಯಾಗಿದ್ದ ಹುಡುಗಿ ಮ್ಯಾಲ ಮಾತು ಬರಬಾರದು.”

“ನಾನು ಹೇಳಿದ್ದು ತಪ್ಪು, ಕಾಕೂ.”

“ನಾನೂ ಅದನ್ನ ಕೇಳಬೇಕಂತ ಕೇಳಿದೆ. ದವಾಖಾನಿಗೆ ಹೋಗು ಅಂತ ಅಂದಿದ್ರ ನಿನ್ನ ಕೇಳ್ತಿದ್ದಿಲ್ಲ.” ಹೊದಿಕೆ ಎಳೆದುಕೊಂಡು, “ಊಟ ಆತೇನು ನಿಂದು?” ಎಂದರು. ಅವರ ಮೂಗಿನಲ್ಲಿ ಆಹಾರದ ನಳಿಗೆ ಇತ್ತು.

ಆಮೇಲಿನ ದಿನಗಳಲ್ಲಿ ರೊಟ್ಟಿ ತಟ್ಟುವ ಕೆಲಸ ನನ್ನದು, ಮಗಳದು. ನನಗೆ ಬರುತ್ತಿರಲಿಲ್ಲ. ಅಂಚು ಒಡೆಯುತ್ತಿತ್ತು, ಹಂಚಿಗೆ ಹಾಕುವಾಗ ಎರಡು ತುಂಡಾಗುತ್ತಿತ್ತು. ಕಾಕೂ ಮಂಚವನ್ನು ಅಡುಗೆಮನೆಯ ಬಾಗಿಲೆದುರಿಗೆ ಹಾಕಿಸಿಕೊಂಡು ಮಲಗಿದಲ್ಲಿಂದಲೇ ನೋಡುತ್ತಿದ್ದರು. “ಅಂಗೈಲೆ ತಟ್ಟವ್ವಾ. ಬೆರಳಿಲೆ ಟೈಪ್ ಮಾಡಬ್ಯಾಡ.” ಮಗಳು ನಕ್ಕಳು. ನಗುತ್ತಲೇ ಎದ್ದು ಹೊರಗೆ ಹೋದಳು. ಮನೆಯಲ್ಲಿ ಎಲ್ಲರೂ ಆ ಒಡಕು ರೊಟ್ಟಿಗಳನ್ನು ತಿಂದೆವು. ಬೆಂದ ಜೋಳದ ವಾಸನೆ ಮಂಚದವರೆಗೆ ಹೋಗುತ್ತಿತ್ತು. ನಾನು ಒಮ್ಮೆ ಬಾಗಿಲು ಮುಚ್ಚಲು ಹೋದಾಗ ಅವರು ಕೈಯೆತ್ತಿ ಬೇಡವೆಂದರು.

ಉಗಾದಿ ಅವರಿದ್ದಾಗಲೇ ಆಯಿತು. ಮತ್ತೆ ಶ್ರಾವಣ ಬಂದಾಗ ಇರಲಿಲ್ಲ.

ದಿನಕರ್ಮಕ್ಕೆ ರಾಯಚೂರಿನಿಂದ ಬಂದವರ ಮುಂದೆ ಕಾಕಾ ನನ್ನನ್ನು ಕರೆದು ನಿಲ್ಲಿಸಿದರು. “ಈ ಹುಡುಗಿ ಇದ್ದದ್ದಕ್ಕ ಒಂದು ತಿಂಗಳದಾಗ ಗೊತ್ತಾತು. ಇಲ್ಲಂದ್ರ ಅದೂ ಗೊತ್ತಾಗ್ತಿದ್ದಿಲ್ಲ. ಮಗಳಿಗಿಂತ ಹೆಚ್ಚು ಮಾಡ್ಯಾಳ.” ಒಬ್ಬ ಮುದುಕಿ ನನ್ನ ಕೆನ್ನೆ ಸವರಿ ಬೆರಳು ಮುರಿದಳು. ಯಾರೋ ನನಗೆ ಕೈಮುಗಿದರು. ಆ ಮನೆಗೆ ನಾನು ಹೇಳಬೇಕಾಗಿದ್ದ ಮಾತನ್ನು ಅವರು ನನಗೆ ಹೇಳುತ್ತಿದ್ದರು. ಅದಾದ ಮೇಲೆ ನಾನು ಯಾವ ಬಾಯಿಂದ ಅವರಿಗೆ ನಿಮ್ಮಿಂದ ಉಪಕಾರವಾಯಿತು ಎನ್ನಲಿ? ಆ ಮಾತಿಗೆ ನನ್ನಲ್ಲಿ ಜಾಗ ಉಳಿಯಲಿಲ್ಲ, ಇವತ್ತಿಗೂ ಇಲ್ಲ. ಕೇಳಿದ ದಿನವೇ ಕರೆದುಕೊಂಡು ಹೋಗಿದ್ದರೆ ಏನಾಗುತ್ತಿತ್ತು ಎಂದು ನಾನು ಯಾವ ವೈದ್ಯರನ್ನೂ ಕೇಳಿಲ್ಲ. ಕೇಳಬೇಕಾದರೆ ಐದು ತಿಂಗಳು ಎನ್ನಬೇಕಾಗುತ್ತದೆ.

ಮುಂದಿನ ವರ್ಷ ಗಚ್ಚಿಬೌಲಿಯ ಹತ್ತಿರ ಒಂದು ಹಾಸ್ಟೆಲ್ ಹುಡುಕಿದೆ. ಹೊರಡುವ ದಿನ ಬೆಳಿಗ್ಗೆ ಮಗಳು ಅಡುಗೆಮನೆಯಲ್ಲಿದ್ದಳು. ಕಾಕಾ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದರು. ನಾನು ಎರಡು ಮೆಟ್ಟಿಲು ಕೆಳಗೆ ನಿಂತು ಹೇಳಿದೆ. ಒಂದು ತಿಂಗಳಲ್ಲ ಕಾಕಾ, ಐದು. ಮೊದಲು ನನ್ನನ್ನೇ ಕೇಳಿದ್ದರು. ನಾನು ಆಸಿಡಿಟಿ ಎಂದೆ. ಈ ಮೂರು ವಾಕ್ಯಗಳನ್ನು ವಾರಗಟ್ಟಲೆ ಸಿದ್ಧಮಾಡಿಕೊಂಡಿದ್ದೆ. ಹೇಳಲು ಅರ್ಧ ನಿಮಿಷವೂ ಆಗಲಿಲ್ಲ.

ಅವರು ಒಂದು ಬೂಟಿನ ದಾರ ಕಟ್ಟಿ ಮುಗಿಸಿದರು. ಇನ್ನೊಂದಕ್ಕೆ ಕೈಹಾಕಿದರು.

“ಅಕೀ ಡಾಕ್ಟರ್ ಮುಂದ ಒಂದು ತಿಂಗಳು ಅಂದಾಳ. ಅವರು ಬರಕೊಂಡಾರ.”

“ಅದು ನನಗೋಸ್ಕರ ಹೇಳಿದ್ದು, ಕಾಕಾ.”

“ಇರಲಿ.” ತಲೆ ಎತ್ತಲಿಲ್ಲ. “ಇಪ್ಪತ್ತೆರಡು ವರ್ಷ ಅಕೀ ಕೂಡ ಸಂಸಾರ ಮಾಡೀನಿ. ಏನು ಉಣ್ಣಾಕತ್ತಾಳ ಅಂತ ಒಂದು ದಿನ ನೋಡಲಿಲ್ಲ. ನೀ ಐದು ಅಂದ್ರ ಅದು ನನ್ನ ಕೊರಳಿಗೇ ಬರ್ತೈತಿ, ತಂಗಿ. ಒಂದು ಇರಲಿ.”

ನಾನು ಇಳಿಸಿ ಹೋಗಬೇಕೆಂದು ತಂದ ಭಾರವನ್ನು ಅವರ ಮಡಿಲಿಗೆ ಹಾಕಿದ್ದೆ. ಅದು ನನ್ನ ಮೇಲಿಂದ ಇಳಿದಿರಲಿಲ್ಲ. ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಬರುವಂತಿರಲಿಲ್ಲ. ಅವರು ಎದ್ದು, ಪ್ಯಾಂಟಿನ ಧೂಳು ಕೊಡವಿ, ಒಳಗೆ ಕೇಳುವಂತೆ ಕೂಗಿದರು, “ಅಕ್ಕಗ ಡಬ್ಬಿ ಕಟ್ಟಿಯೇನು?”

“ಕಟ್ಟೀನಪ್ಪಾ” ಎಂದು ಮಗಳು ಡಬ್ಬಿ ತಂದು ನನ್ನ ಕೈಗಿಟ್ಟಳು. ಇನ್ನೂ ಬಿಸಿ ಇತ್ತು. “ಖಾಲಿ ಡಬ್ಬಿ ಕೊಡಾಕ ಬರಬೇಕ ಅಕ್ಕಾ, ಮರೀಬ್ಯಾಡ” ಎಂದಳು.

ಹಾಸ್ಟೆಲಿನಲ್ಲಿ ಮಧ್ಯಾಹ್ನ ಡಬ್ಬಿ ತೆಗೆದೆ. ಎರಡು ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ರೊಟ್ಟಿ ತೆಳ್ಳಗಿತ್ತು, ಅಂಚು ಎಲ್ಲಿಯೂ ಒಡೆದಿರಲಿಲ್ಲ. ಅವಳಿಗೆ ತಾಯಿಯ ಕೈ ಬಂದಿತ್ತು. ತಿನ್ನಲಾಗುವುದಿಲ್ಲ ಎಂದುಕೊಂಡು ಕೂತೆ. ಆದರೆ ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಸಿವಾಗಿತ್ತು. ಒಂದು ತುತ್ತು ಮುರಿದು ಬಾಯಿಗಿಟ್ಟೆ, ಅವರಂತೆ ಕಣ್ಣು ಮುಚ್ಚಿ ಕಾದೆ. ಅದು ಎಲ್ಲಿಯೂ ನಿಲ್ಲದೆ ಇಳಿದುಹೋಯಿತು. ಎರಡೂ ರೊಟ್ಟಿ ತಿಂದೆ.

ಡಬ್ಬಿ ಈಗಲೂ ನನ್ನ ಹತ್ತಿರವೇ ಇದೆ.